ಕೋಪಕ್ಕೆ ಅಧಿಕಾರಿ ಯಾರು?

ದೇಶದ ರಕ್ಷಣೆಗೆಂದು ಮನೆಮಠಗಳನ್ನು ಬಿಟ್ಟು ಹೋದ ಯೋಧರು ಪ್ರತ್ಯೇಕತಾವಾದಿಗಳ ಹೊಂಚಿಗೆ ಸಿಕ್ಕಿ ಮಡಿದರೆಂಬ ವಾರ್ತೆ ಬಂದಾಗ ಜನಸಮೂಹದಲ್ಲಿ ಕೋಪ ಉಂಟಾಗುವುದು ಸಹಜ. ಅಂತಹ ವಾರ್ತೆಯನ್ನು ಕೇಳಿಯೂ ಮನಸ್ಸು ಕಲಕದವನನ್ನು ಶಾಂತನೆಂದು ಹೊಗಳಲು ಬರುವುದಿಲ್ಲ. ಅವನನ್ನು ಜಡನೆಂದೇ ಹೇಳಬೇಕಾದೀತು. ಆದರೆ ಕೋಪವು ಸಹಜವೆಂದ ಮಾತ್ರಕ್ಕೆ ಅದರಿಂದ ಹೊರಡುವ ಮಾತೆಲ್ಲವೂ ಕೃತಿಯೆಲ್ಲವೂ ಸಾಧುವಾಗುವುದಿಲ್ಲ. ಬೆಂಕಿ ಒಲೆಯಲ್ಲಿದ್ದರೆ ಅನ್ನ ಬೇಯುತ್ತದೆ, ಮಾಡಿಗೆ ಹತ್ತಿದರೆ ಮನೆ ಬೇಯುತ್ತದೆ. ಆದುದರಿಂದ ಈ ಕೋಪದ ಸ್ವರೂಪವನ್ನೂ ಮಿತಿಯನ್ನೂ ಸ್ವಲ್ಪ ವಿಚಾರಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ವಿಚಾರಕ್ಕೆ ಆಧಾರವಾಗಿ ಎರಡು ಘಟನೆಗಳನ್ನು ನೆನೆಯೋಣ. 2015ನೆಯ ಇಸವಿ ಜೂನ್ 4ರಂದು ಮಣಿಪುರದ ಚಂದೇಲ್ ಜಿಲ್ಲೆಯಲ್ಲಿ ನಾಗಾ ಬಂಡುಕೋರರ ಖಾಪ್ಲಾಂಗ್ ಬಣದವರು ಮತ್ತು ಅವರ ಜೊತೆಗಾರರು ನಮ್ಮ ಸೇನೆಯ ಡೋಗ್ರಾ ದಳದ ವಾಹನಗಳ ಮೇಲೆ ಹೊಂಚುದಾಳಿ ನಡೆಸಿ 18 ಯೋಧರನ್ನು ಕೊಂದರು. 2019ನೆಯ ಇಸವಿ ಫೆಬ್ರವರಿ 14ರಂದು ಕಾಶ್ಮೀರದ ಪುಲ್ವಾಮಾ ಜಿಲ್ಲೆಯ ಲೆಥ್‌ಪೋರಾದ ಬಳಿ, ಜಮ್ಮು-ಶ್ರೀನಗರ ಹೆದ್ದಾರಿಯಲ್ಲಿ ಸಾಗುತ್ತಿದ್ದ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ವಾಹನ ಸಾಲಿಗೆ ಸ್ಫೋಟಕ ತುಂಬಿದ ಕಾರೊಂದು ಬಂದು ಅಪ್ಪಳಿಸಿತು. 40 ಮಂದಿ ಜವಾನರು ಮಡಿದರು. ಪಾಕಿಸ್ತಾನದಲ್ಲಿ ನೆಲೆಯುಳ್ಳ ಜೈಷ್-ಎ-ಮೊಹಮ್ಮದ್ ಸಂಘಟನೆ ಆ ಕೃತ್ಯ ತನ್ನದೆಂದು ಹೇಳಿಕೊಂಡಿತು. ಕಾರನ್ನು ಓಡಿಸಿದವನು ಅದೇ ಜಿಲ್ಲೆಯ ತರುಣ. ಮಡಿದವರಲ್ಲಿ ಒಬ್ಬರು ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನವರು. ಆ ದಿನಗಳಲ್ಲಿ ದೇಶದ ಊರೂರುಗಳಲ್ಲಿ ಮೇಣದ ಬತ್ತಿಗಳು ಬೆಳಗಿದವು, ಮೆರವಣಿಗೆಗಳು ನಡೆದವು, ಪ್ರತೀಕಾರದ ಕೂಗು ಮುಗಿಲು ಮುಟ್ಟಿತು.

ಇಂತಹ ಸಮಯದಲ್ಲಿ ಎರಡು ಪೂರ್ವಪಕ್ಷಗಳು ಏಳುತ್ತವೆ. ಕ್ರೋಧವು ಅರಿಷಡ್ವರ್ಗದಲ್ಲಿ ಸೇರಿದುದು, ಆದುದರಿಂದ ಅದನ್ನು ಪೂರ್ಣವಾಗಿ ತ್ಯಜಿಸಬೇಕು ಎಂಬುದು ಒಂದು. ಯೋಧನ ರಕ್ತ ಚೆಲ್ಲಿದ ಮೇಲೆ ಸಂಯಮದ ಮಾತನ್ನಾಡುವವನೇ ದ್ರೋಹಿ ಎಂಬುದು ಇನ್ನೊಂದು. ನಮಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಮೊದಲನೆಯದನ್ನು ಒಪ್ಪಿದರೆ ಭೀಮಸೇನನನ್ನೇ ಬಿಡಬೇಕಾಗುತ್ತದೆ. ತುಂಬಿದ ಸಭೆಯಲ್ಲಿ ದ್ರೌಪದಿಗೆ ಆದ ಅಪಮಾನವನ್ನು ಕಂಡು ಕುದಿದವನು ಅವನು. ಆ ಕುದಿತವನ್ನು ದೋಷವೆಂದು ನಮ್ಮ ಹಿರಿಯರು ಎಂದೂ ಎಣಿಸಲಿಲ್ಲ. ಅದೇ ಸಭೆಯಲ್ಲಿ ಸುಮ್ಮನೆ ಕುಳಿತ ವೃದ್ಧರ ಶಾಂತಿಯನ್ನು ಯಾರೂ ಮೆಚ್ಚಲಿಲ್ಲ. ಎರಡನೆಯದನ್ನು ಒಪ್ಪಿದರೆ ಹದಿಮೂರು ವರ್ಷ ಆ ಕೋಪವನ್ನು ಎದೆಯಲ್ಲಿ ಅಡಗಿಸಿಕೊಂಡಿದ್ದ ಅದೇ ಭೀಮಸೇನನು ದ್ರೋಹಿಯಾಗಬೇಕಾಗುತ್ತದೆ. ಹೀಗಾಗಿ ಕೋಪ ಬೇಕೋ ಬೇಡವೋ ಎಂಬುದು ಸರಿಯಾದ ಪ್ರಶ್ನೆಯಲ್ಲ. ಕೋಪ ಯಾರ ಮೇಲೆ, ಯಾರದು, ಏತಕ್ಕಾಗಿ ಎಂಬುದೇ ಪ್ರಶ್ನೆ.

ಒಂದು ಶಾಸ್ತ್ರವನ್ನು ಆರಂಭಿಸುವಾಗ ವಿಷಯ, ಅಧಿಕಾರಿ, ಪ್ರಯೋಜನ, ಸಂಬಂಧ ಎಂಬ ನಾಲ್ಕನ್ನು ಮೊದಲು ನಿರ್ಣಯಿಸಿಕೊಳ್ಳುವುದು ನಮ್ಮ ಪದ್ಧತಿ. ಗ್ರಂಥಪಾಠಕ್ಕೆ ಬೇಕಾದ ಈ ಎಚ್ಚರಿಕೆ ಪ್ರಾಣಹಾನಿಯ ವಿಚಾರದಲ್ಲಿ ಬೇಡವೆನ್ನುವುದು ಹೇಗೆ? ಈ ನಾಲ್ಕನ್ನೂ ಕೋಪಕ್ಕೆ ಅನ್ವಯಿಸಿ ನೋಡೋಣ.

ಮೊದಲನೆಯದು ವಿಷಯ. ಕೋಪ ಯಾರ ಮೇಲೆ? ಕೊಂದವನ ಮೇಲೆ, ಕೊಲ್ಲಿಸಿದವನ ಮೇಲೆ, ಅದಕ್ಕೆ ಬೇಕಾದುದನ್ನು ಒದಗಿಸಿದವನ ಮೇಲೆ. ಇದರಲ್ಲಿ ಸಂಶಯವಿಲ್ಲ. ಆದರೆ ಕೊಂದವನು ಕೈಗೆ ಸಿಗುವವನಲ್ಲ. ಪುಲ್ವಾಮಾದಲ್ಲಿ ಕಾರನ್ನು ತಂದವನು ತಾನೂ ಸ್ಫೋಟದಲ್ಲಿ ಸತ್ತನು, ಕಳುಹಿಸಿದವರು ಗಡಿಯಾಚೆಗಿದ್ದರು. ಆಗ ಕೋಪವು ಕೈಗೆ ಸಿಗುವ ವಿಷಯವನ್ನು ಹುಡುಕಿತು. ಡೆಹ್ರಾಡೂನ್ ಮೊದಲಾದ ಊರುಗಳಲ್ಲಿ ಓದುತ್ತಿದ್ದ ಕಾಶ್ಮೀರಿ ವಿದ್ಯಾರ್ಥಿಗಳು ಬೆದರಿಕೆಗೆ ಅಂಜಿ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಕುಳಿತರು, ಅನೇಕರು ಊರು ಬಿಟ್ಟರು. ಮಾರ್ಚ್ ತಿಂಗಳಲ್ಲಿ ಲಕ್ನೋ ನಗರದ ಸೇತುವೆಯೊಂದರ ಮೇಲೆ ಒಣಹಣ್ಣು ಮಾರುತ್ತಿದ್ದ ಇಬ್ಬರು ಕಾಶ್ಮೀರಿಗಳನ್ನು ಕೆಲವರು ದೊಣ್ಣೆಯಿಂದ ಹೊಡೆದರು; ದಾರಿಹೋಕರು ಅಡ್ಡ ಬಂದರು, ಆಪಾದಿತರನ್ನು ಪೊಲೀಸರು ಬಂಧಿಸಿದರು. ದ್ರಾಕ್ಷಿ ಬಾದಾಮಿ ಮಾರುವವನಿಗೂ ಲೆಥ್‌ಪೋರಾದ ಸ್ಫೋಟಕಕ್ಕೂ ಏನು ಸಂಬಂಧ? ಊರು ಒಂದು, ಅಷ್ಟೆ.

ಜನಮೇಜಯ ಮಹಾರಾಜನ ಸರ್ಪಯಾಗದ ಕಥೆ ವಾಚಕರೆಲ್ಲರಿಗೂ ತಿಳಿದುದೇ. ಅದನ್ನು ಕೋಪದ ಕಥೆಯಾಗಿ ಮತ್ತೊಮ್ಮೆ ನೋಡಬೇಕು. ಬಾಯಾರಿದ ಪರೀಕ್ಷಿತನು ಮೌನದಲ್ಲಿದ್ದ ಶಮೀಕ ಋಷಿಯ ಮೇಲೆ ಕೋಪಗೊಂಡು ಸತ್ತ ಹಾವನ್ನು ಅವನ ಕೊರಳಿಗೆ ಹಾಕಿದನು. ಋಷಿಕುಮಾರ ಶೃಂಗಿಯು ಕೋಪಗೊಂಡು ಶಪಿಸಿದನು. ಅಪಮಾನಿತನಾದ ತಂದೆಯೇ ಆ ಕೋಪಕ್ಕಾಗಿ ಮಗನನ್ನು ಗದರಿಸಿದನು. ತಕ್ಷಕನು ಪರೀಕ್ಷಿತನನ್ನು ಕಚ್ಚಿದನು. ಜನಮೇಜಯನು ಕೋಪಗೊಂಡು ಸರ್ಪಕುಲವನ್ನೇ ಸುಡಲು ಯಾಗವನ್ನು ಹೂಡಿದನು. ಅಪರಾಧ ಮಾಡಿದವನು ತಕ್ಷಕನೊಬ್ಬ. ಬೆಂಕಿಗೆ ಬಿದ್ದವು ಅಸಂಖ್ಯ ಸರ್ಪಗಳು. ಕೊನೆಗೆ ಆಸ್ತೀಕನು ಬಂದು ಯಾಗವನ್ನು ನಿಲ್ಲಿಸಿದಾಗ ಉಳಿದುಕೊಂಡವರಲ್ಲಿ ತಕ್ಷಕನೂ ಒಬ್ಬನು. ಕುಲವನ್ನು ಸುಡಲು ಹೊರಟ ಕೋಪಕ್ಕೆ ನಿರಪರಾಧಿಗಳು ಆಹುತಿಯಾದರು, ಅಪರಾಧಿ ದೊಡ್ಡವರ ಆಸರೆಯಲ್ಲಿ ಬದುಕಿಕೊಂಡನು. ಇಂದಿಗೂ ನಡೆಯುವುದು ಇದೇ.

ಒಬ್ಬ ಜೀವ ಇನ್ನೊಬ್ಬ ಜೀವನಲ್ಲ, ಒಬ್ಬನ ಕರ್ಮ ಇನ್ನೊಬ್ಬನಿಗೆ ಅಂಟುವುದಿಲ್ಲ ಎಂಬುದನ್ನು ನಮ್ಮ ಮನೆಗಳ ಮಕ್ಕಳು ಬಾಲ್ಯದಲ್ಲಿಯೇ ಕಲಿಯುತ್ತಾರೆ. ಪಾಠದಲ್ಲಿ ಜೀವಭೇದವನ್ನು ಒಪ್ಪಿ, ಬೀದಿಯಲ್ಲಿ ಒಂದು ಪ್ರಾಂತದವರೆಲ್ಲರೂ ಒಬ್ಬನೇ ಎಂದು ಹೊಡೆಯಲು ಹೋದರೆ ಕಲಿತದ್ದು ಎಲ್ಲಿ ಉಳಿಯಿತು? ಮಡಿದ 40 ಮಂದಿಯಲ್ಲಿ ಒಬ್ಬರು ಆಗಿನ ಜಮ್ಮು-ಕಾಶ್ಮೀರ ರಾಜ್ಯದ ರಾಜೌರಿ ಜಿಲ್ಲೆಯವರೇ ಎಂಬುದನ್ನು ಎಷ್ಟು ಮಂದಿ ಗಮನಿಸಿದರು? ಆ ದುರಂತಕ್ಕೆ 19 ದಿನಗಳ ಮೊದಲು, ಅದೇ ವರ್ಷದ ಗಣರಾಜ್ಯೋತ್ಸವದಂದು, ಲಾನ್ಸ್ ನಾಯಕ್ ನಜೀರ್ ಅಹಮದ್ ವಾನಿ ಅವರಿಗೆ ಮರಣೋತ್ತರವಾಗಿ ಅಶೋಕಚಕ್ರ ಸಂದಿತ್ತು. ಅವರು ಕಾಶ್ಮೀರದ ಕುಲ್ಗಾಮ್ ಜಿಲ್ಲೆಯವರು. ಒಮ್ಮೆ ಬಂಡುಕೋರರ ಹಾದಿಯಲ್ಲಿದ್ದು, ಅದನ್ನು ತೊರೆದು 2004ರಲ್ಲಿ ಸೇನೆಗೆ ಸೇರಿ, 2018ರ ನವೆಂಬರಿನಲ್ಲಿ ಉಗ್ರರೊಡನೆ ಹೋರಾಡುತ್ತ ಪ್ರಾಣವಿತ್ತವರು. ಅವರ ಊರಿನ ಹೆಸರನ್ನೇ ಅಪರಾಧವೆಂದು ಎಣಿಸುವವನು ಅವರ ಪದಕವನ್ನೂ ಅಪಮಾನಿಸಿದಂತಾಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು. ತನ್ನ 40 ಮಂದಿಯನ್ನು ಕಳೆದುಕೊಂಡ ಮೀಸಲು ಪೊಲೀಸ್ ಪಡೆಯೇ ಮರುದಿನ, ಇದನ್ನು ಮರೆಯುವುದೂ ಇಲ್ಲ ಕ್ಷಮಿಸುವುದೂ ಇಲ್ಲ ಎಂದು ಸಾರಿತು. ಅದೇ ಪಡೆ, ಅದೇ ವಾರದಲ್ಲಿ, ಹೊರರಾಜ್ಯಗಳಲ್ಲಿರುವ ಕಾಶ್ಮೀರಿ ವಿದ್ಯಾರ್ಥಿಗಳಿಗೆ ತೊಂದರೆಯಾದರೆ ತನ್ನ ‘ಮದದ್‌ಗಾರ್’ ಸಹಾಯವಾಣಿಗೆ ಕರೆ ಮಾಡಬಹುದೆಂದು ಪ್ರಕಟಿಸಿತು. ಹಗಲೂ ರಾತ್ರಿಯೂ ಆ ಕರೆಗೆ ಉತ್ತರ ಸಿಗುವ ವ್ಯವಸ್ಥೆಯಿತ್ತು. ಫೆಬ್ರವರಿ 22ರಂದು ಸರ್ವೋಚ್ಚ ನ್ಯಾಯಾಲಯವೂ ಕಾಶ್ಮೀರಿಗಳ ಮೇಲಿನ ಹಲ್ಲೆ ಬೆದರಿಕೆಗಳನ್ನು ತಡೆಯುವಂತೆ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೂ ಪೊಲೀಸ್ ಮಹಾನಿರ್ದೇಶಕರಿಗೂ ಆಜ್ಞಾಪಿಸಿತು. ಪಡೆಯ ಆ ಎರಡು ಮಾತುಗಳಲ್ಲಿ ವಿರೋಧವಿದೆಯೆ? ಇಲ್ಲ. ಮೊದಲನೆಯದು ಅಪರಾಧಿಯ ಕುರಿತು, ಎರಡನೆಯದು ನಿರಪರಾಧಿಯ ಕುರಿತು. ಅತ್ಯಂತ ಹೆಚ್ಚು ಕಳೆದುಕೊಂಡವರಿಗೇ ಈ ವಿವೇಕ ಸಾಧ್ಯವಾಯಿತೆಂದ ಮೇಲೆ, ಏನನ್ನೂ ಕಳೆದುಕೊಳ್ಳದವರು ಅದನ್ನು ಮೀರುವುದಕ್ಕೆ ಯಾವ ನ್ಯಾಯವಿದೆ?

ಎರಡನೆಯದು ಅಧಿಕಾರಿ. ದಂಡಿಸುವವನು ಯಾರು? ಘೋಷಯಾತ್ರೆಯ ಪ್ರಸಂಗದಲ್ಲಿ ದುರ್ಯೋಧನನನ್ನು ಗಂಧರ್ವರು ಸೆರೆಹಿಡಿದರು. ಭೀಮಸೇನನಿಗೆ ಇದಕ್ಕಿಂತ ಪ್ರಿಯವಾದ ವಾರ್ತೆ ಯಾವುದಿದ್ದೀತು? ಆದರೆ ಧರ್ಮರಾಜನ ಆಜ್ಞೆಯಾಯಿತು. ಭೀಮಾರ್ಜುನರು ಹೋಗಿ ತಮ್ಮ ಶತ್ರುವನ್ನು ಬಿಡಿಸಿ ತಂದರು. ಭೀಮನ ಕೋಪ ಆಗ ಕರಗಿತೆಂದಲ್ಲ, ಅದರ ಕಾಲ ಇನ್ನೂ ಬಂದಿರಲಿಲ್ಲ. ಮಹಾಬಲನ ಕೋಪವೇ ಒಂದು ಆಜ್ಞೆಗೆ ಒಳಪಟ್ಟಿತ್ತೆಂಬುದನ್ನು ನಾವು ಮರೆಯಬಾರದು. ಇಂದಿನ ಕಾಲದಲ್ಲಿ ದಂಡದ ಅಧಿಕಾರ ಪ್ರಭುತ್ವದ್ದು, ಅದರ ಆಜ್ಞೆಯಂತೆ ನಡೆಯುವ ಸೇನೆಯದು, ನ್ಯಾಯಾಸನದ್ದು. ಚಂದೇಲ್ ಹತ್ಯೆಯಾದ ಐದನೆಯ ದಿನ, ಜೂನ್ 9ರಂದು, ನಮ್ಮ ಸೇನೆಯ ವಿಶೇಷ ದಳ ಮ್ಯಾನ್ಮಾರ್ ಗಡಿಯಲ್ಲಿ ಬಂಡುಕೋರರ ನೆಲೆಗಳ ಮೇಲೆ ಕಾರ್ಯಾಚರಣೆ ನಡೆಸಿತು. ಪುಲ್ವಾಮಾ ಆದ ಹನ್ನೆರಡನೆಯ ದಿನ ವಾಯುಸೇನೆ ಬಾಲಾಕೋಟ್ ಮೇಲೆ ಎರಗಿತು. ಇವು ಅಧಿಕಾರಿಯ ಕೃತಿಗಳು. ಇವುಗಳ ಗುಣದೋಷಗಳನ್ನು ಸಂಸತ್ತು ಕೇಳಬಹುದು, ಇತಿಹಾಸ ಕೇಳಬಹುದು. ಬೀದಿಯ ದೊಣ್ಣೆಗೆ ಉತ್ತರ ಕೊಡುವವರು ಯಾರು?

ಅಧಿಕಾರವುಳ್ಳವರಿಗೂ ಉದ್ವೇಗದ ಹೊತ್ತು ಅಪಾಯಕರವೇ. ಬಾಲಾಕೋಟ್ ನಡೆದ ಮರುದಿನ, ಫೆಬ್ರವರಿ 27ರಂದು, ಆಕಾಶದಲ್ಲಿ ಕದನ ನಡೆಯುತ್ತಿದ್ದ ಗಳಿಗೆಯಲ್ಲಿ ಬಡಗಾಮ್ ಬಳಿ ನಮ್ಮದೇ ಕ್ಷಿಪಣಿ ನಮ್ಮದೇ ಹೆಲಿಕಾಪ್ಟರನ್ನು ಉರುಳಿಸಿತು. ವಾಯುಸೇನೆಯ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಸತ್ತರು. ಅದು ತಮ್ಮ ದೊಡ್ಡ ತಪ್ಪೆಂದು ಅದೇ ವರ್ಷ ಅಕ್ಟೋಬರಿನಲ್ಲಿ ವಾಯುಸೇನೆಯ ಮುಖ್ಯಸ್ಥರೇ ಒಪ್ಪಿಕೊಂಡರು. 2021ರ ಡಿಸೆಂಬರ್ 4ರ ಸಂಜೆ ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಓಟಿಂಗ್ ಬಳಿ, ಕಲ್ಲಿದ್ದಲ ಗಣಿಯಿಂದ ಮನೆಗೆ ಮರಳುತ್ತಿದ್ದ ಕೂಲಿಗಳನ್ನು ಬಂಡುಕೋರರೆಂದು ಭ್ರಮಿಸಿ ಸೇನೆಯ ತುಕಡಿಯೊಂದು ಗುಂಡು ಹಾರಿಸಿತು. ಆರು ಮಂದಿ ಸತ್ತರು. ಕೋಪಗೊಂಡ ಗ್ರಾಮಸ್ಥರು ಮುತ್ತಿದರು. ಮತ್ತೆ ಗುಂಡು, ಮತ್ತೆ ಸಾವು. ಒಬ್ಬ ಯೋಧನೂ ಆ ರಾತ್ರಿ ಮಡಿದನು. ಗುರುತು ಹಿಡಿಯುವಲ್ಲಿ ಆದ ಪ್ರಮಾದವೆಂದು ಗೃಹಮಂತ್ರಿಗಳು ಸಂಸತ್ತಿಗೆ ತಿಳಿಸಿದರು. ವರ್ಷಗಟ್ಟಲೆ ಶಿಕ್ಷಣ ಪಡೆದ ಕೈಗಳೇ ಹೀಗೆ ತಪ್ಪುವುದಾದರೆ, ಶಿಕ್ಷಣವಿಲ್ಲದ, ಆಜ್ಞೆಯಿಲ್ಲದ, ವದಂತಿಯೊಂದನ್ನೇ ನಂಬಿ ಎದ್ದ ಗುಂಪಿನ ಕೈ ಎಷ್ಟು ತಪ್ಪೀತು! 2012ರ ಆಗಸ್ಟಿನಲ್ಲಿ ಬರಿಯ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ನಮ್ಮ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗುವಾಹಟಿಯ ಗಾಡಿಗಾಗಿ ನೂಕುನುಗ್ಗಲಿನಲ್ಲಿ ನಿಂತಿದ್ದುದನ್ನು ಕಂಡವರು ಇನ್ನೂ ಇದ್ದಾರೆ.

ಮೂರನೆಯದು ಪ್ರಯೋಜನ. ಕೋಪದಿಂದ ಏನು ಫಲ ದೊರೆಯಬೇಕು? ಮುಂದಿನ ಯೋಧ ಉಳಿಯಬೇಕು. ಇದು ಮೊದಲನೆಯ ಫಲ. ಪುಲ್ವಾಮಾದಲ್ಲಿ ಆ ದಿನ 78 ವಾಹನಗಳಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಜವಾನರು ಒಂದೇ ಹೆದ್ದಾರಿಯಲ್ಲಿ ಸಾಗುತ್ತಿದ್ದರು. ಹಿಮ ಬಿದ್ದು ದಾರಿ ಕೆಲವು ದಿನ ಮುಚ್ಚಿದ್ದುದರಿಂದ ಅಷ್ಟು ಮಂದಿ ಒಟ್ಟಿಗೆ ಹೊರಡಬೇಕಾಯಿತು. ಏಕೆ ಹಾಗಾಯಿತು, ಬೇರೆ ದಾರಿ ಇರಲಿಲ್ಲವೆ, ಸ್ಫೋಟಕ ಎಲ್ಲಿಂದ ಬಂದಿತು ಎಂದು ಕೇಳುವುದೂ ಕೋಪವೇ. ಅದು ಫಲವತ್ತಾದ ಕೋಪ. ವಾರವೊಂದು ಕಳೆಯುವಷ್ಟರಲ್ಲಿ ಗೃಹಮಂತ್ರಾಲಯವು ಅರೆಸೇನಾ ಪಡೆಗಳ ಕೆಳದರ್ಜೆಯ ಜವಾನರಿಗೂ ಜಮ್ಮು-ಶ್ರೀನಗರ ಮತ್ತು ದೆಹಲಿ-ಶ್ರೀನಗರ ಮಾರ್ಗಗಳಲ್ಲಿ ವಿಮಾನ ಪ್ರಯಾಣಕ್ಕೆ ಅನುಮತಿ ಕೊಟ್ಟಿತು. ಸುಮಾರು 7,80,000 ಮಂದಿಗೆ ಇದರ ಪ್ರಯೋಜನವೆಂದು ಪ್ರಕಟವಾಯಿತು. ಕಾವಲು ಕಾಯುವವನ ಕ್ಷೇಮವನ್ನು ಕಾಯಲು ನಾಲ್ಕು ಪ್ರಶ್ನೆಗಳು ಮಾಡುವಷ್ಟನ್ನು ನಾಲ್ಕು ಸಾವಿರ ಘೋಷಣೆಗಳು ಮಾಡಲಾರವು.

ಎರಡನೆಯ ಫಲ, ಕಲಹವೇ ಮುಗಿಯುವುದು. ಇಲ್ಲಿ ಕಠಿಣವಾದ ಪ್ರಶ್ನೆಯೊಂದು ಎದುರಾಗುತ್ತದೆ: ಯೋಧರನ್ನು ಕೊಂದವರೊಡನೆ ಸಂಧಿ ಮಾಡಿಕೊಳ್ಳುವುದು ಮಡಿದವರಿಗೆ ಬಗೆದ ದ್ರೋಹವಲ್ಲವೆ? ಮಿಜೋರಾಮಿನ ಚರಿತ್ರೆಯನ್ನು ನೋಡಬೇಕು. 1966ರ ಫೆಬ್ರವರಿ ಕೊನೆಯಲ್ಲಿ ಮಿಜೋ ರಾಷ್ಟ್ರೀಯ ರಂಗವು ಶಸ್ತ್ರವೆತ್ತಿ ಸ್ವಾತಂತ್ರ್ಯ ಘೋಷಿಸಿತು. ಐಜ್ವಾಲ್ ಮೇಲೆ ನಮ್ಮದೇ ವಿಮಾನಗಳು ದಾಳಿ ಮಾಡಬೇಕಾದ ದುರ್ದಿನಗಳು ಬಂದವು. ಇಪ್ಪತ್ತು ವರ್ಷ ಯೋಧರೂ ಬಂಡುಕೋರರೂ ಬಡ ಗ್ರಾಮಸ್ಥರೂ ಸತ್ತರು. 1986ರ ಜೂನ್ 30ರಂದು ಒಪ್ಪಂದವಾಯಿತು. ಬಂಡಾಯದ ನಾಯಕ ಲಾಲ್‌ಡೆಂಗಾ ಮುಖ್ಯಮಂತ್ರಿಯಾದರು. ಅವರಿಗಾಗಿ ಚುನಾಯಿತ ಮುಖ್ಯಮಂತ್ರಿ ಲಾಲ್ ಥನ್ಹಾವ್ಲಾ ತಮ್ಮ ಪೀಠವನ್ನು ಬಿಟ್ಟುಕೊಟ್ಟರು. 1987ರ ಫೆಬ್ರವರಿ 20ರಂದು ಮಿಜೋರಾಮ್ ಭಾರತದ ಪೂರ್ಣ ರಾಜ್ಯವಾಯಿತು. ಚಂದೇಲ್ ಹತ್ಯೆಯಾದ ಎರಡೇ ತಿಂಗಳಿಗೆ, 2015ರ ಆಗಸ್ಟ್ 3ರಂದು, ಸರ್ಕಾರವು 1997ರಿಂದ ಕದನವಿರಾಮದಲ್ಲಿದ್ದ ಇನ್ನೊಂದು ನಾಗಾ ಬಣದೊಡನೆ ಚೌಕಟ್ಟಿನ ಒಪ್ಪಂದಕ್ಕೆ ಸಹಿ ಹಾಕಿತು. ನಾಗಾಗಳೆಲ್ಲರೂ ಒಂದೇ ಎಂಬ ಕೋಪಕ್ಕೆ ವಶವಾಗಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಇಂತಹ ಸಂಧಿ ದ್ರೋಹವೋ ಅಲ್ಲವೋ ಎಂಬುದಕ್ಕೆ ನಮಗೆ ತೋರುವ ಪರೀಕ್ಷೆ ಒಂದೇ. ಯೋಧನು ಯಾವುದಕ್ಕಾಗಿ ನಿಂತಿದ್ದನೋ ಅದು ಉಳಿಯಿತೆ? ಅವನು ನಿಂತಿದ್ದು ನೆಲದ ಅಖಂಡತೆಗಾಗಿ, ಅಲ್ಲಿನ ಪ್ರಜೆಯ ನಿರ್ಭಯ ಜೀವನಕ್ಕಾಗಿ. ಮಿಜೋರಾಮಿನಲ್ಲಿ ಅವೆರಡೂ ಉಳಿದವು. ಹಾಗಾದರೆ ಅವನ ಕಾರ್ಯ ಪೂರ್ಣವಾಯಿತೆಂದೇ ತಿಳಿಯಬೇಕು. ಅವನು ಕಾದದ್ದನ್ನೇ ಬಿಟ್ಟುಕೊಟ್ಟು ಮಾಡಿದ ಸಂಧಿಯಾದರೆ ಅದು ದ್ರೋಹ. ಕಾದದ್ದನ್ನು ಉಳಿಸಿಕೊಂಡು, ಇನ್ನೂ ಸಾವಿರ ತಾಯಂದಿರು ಅಳದಂತೆ ಮಾಡಿದ ಸಂಧಿ ಅವನ ಶ್ರಾದ್ಧಕ್ಕೆ ಸಮಾನ.

ಆದರೂ ಒಂದು ಶೇಷ ಉಳಿಯುತ್ತದೆ. ಅದನ್ನು ಮುಚ್ಚಿಡುವುದು ಸತ್ಯವಾಗದು. ಬಂಡಾಯದ ನಾಯಕನು ಮಂತ್ರಿಯಾದ ದಿನ, ಮಗನನ್ನು ಕಳೆದುಕೊಂಡ ತಾಯಿಯ ಮನಸ್ಸು ಹೇಗಿರುತ್ತದೆ? ಆಕೆಗೆ ಕ್ಷಮೆಯನ್ನು ಬೋಧಿಸಲು ನಾವು ಯಾರು? ಕೋಪಕ್ಕೆ ಅಧಿಕಾರಿ ಬೇಕಾದಂತೆ ಕ್ಷಮೆಗೂ ಅಧಿಕಾರಿ ಬೇಕು. ಭಾಗವತದಲ್ಲಿ, ಮಲಗಿದ್ದ ಐವರು ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಅರ್ಜುನನು ಕಟ್ಟಿ ತಂದಾಗ, ತನ್ನಂತೆ ಅವನ ತಾಯಿಯೂ ಅಳುವುದು ಬೇಡವೆಂದು ದ್ರೌಪದಿ ಹೇಳಿದಳು. ಹೇಳಲು ಅಧಿಕಾರ ಅವಳಿಗೊಬ್ಬಳಿಗೇ ಇತ್ತು. ಬೇರೆ ಯಾರು ಹೇಳಿದ್ದರೂ ಅದು ನಿಷ್ಠುರವಾಗುತ್ತಿತ್ತು. ಭೀಮಸೇನನು ವಧೆಯೇ ಯುಕ್ತವೆಂದನು. ಇಬ್ಬರ ಮಾತೂ ನಿಂತಿತು: ಪ್ರಾಣ ಉಳಿಯಿತು, ಶಿರೋಮಣಿಯೂ ತೇಜಸ್ಸೂ ಹೋದವು. ರಾಷ್ಟ್ರವು ಸಂಧಿಗೆ ಸಹಿ ಹಾಕಬಹುದು. ತಾಯಿಯ ಪರವಾಗಿ ಕ್ಷಮಿಸಲು ಅದಕ್ಕೂ ಅಧಿಕಾರವಿಲ್ಲ. ಆಕೆ ಕ್ಷಮಿಸದಿದ್ದರೆ ಅದು ಆಕೆಯ ಹಕ್ಕು, ಅದನ್ನು ಗೌರವಿಸುವುದು ನಮ್ಮ ಧರ್ಮ. ಆಕೆಯ ಕೋಪವನ್ನು ಎರವಲು ಪಡೆದು ಬೀದಿಯಲ್ಲಿ ಮೆರೆಸುವುದು ಮಾತ್ರ ಧರ್ಮವಲ್ಲ.

ಕೊನೆಯದು ಸಂಬಂಧ. ಮಡಿದ ಯೋಧನಿಗೂ ನಮಗೂ ಇರುವ ಸಂಬಂಧವೇನು? ಯುದ್ಧವನ್ನು ಬೇಡಿ ಕೂಗುವವರಲ್ಲಿ ಅನೇಕರ ಮನೆಯಿಂದ ಯಾರೂ ಯುದ್ಧಕ್ಕೆ ಹೋದವರಿಲ್ಲ. ಉಪನಯನದಲ್ಲಿ, ವಿವಾಹದಲ್ಲಿ ನಾವು ಹುಡುಗರನ್ನು ವಿದ್ಯಾವಂತನಾಗು, ಧನವಂತನಾಗು ಎಂದು ಹರಸುತ್ತೇವೆ. ಸೈನಿಕನಾಗು ಎಂದು ಹರಸುವುದು ವಿರಳ. ಇದರಲ್ಲಿ ತಪ್ಪಿದೆಯೆಂದು ನಾವು ಹೇಳುತ್ತಿಲ್ಲ. ವೃತ್ತಿಗಳು ಬೇರೆ ಬೇರೆ. ಆದರೆ ಇನ್ನೊಬ್ಬರ ಮಗನ ಪ್ರಾಣವನ್ನು ಪಣವಿಟ್ಟು ಆಡುವ ಮಾತಿನಲ್ಲಿ ಒಂದು ನಾಚಿಕೆ, ಒಂದು ತೂಕ ಇರಬೇಕಲ್ಲವೆ?

ಕೋಪದ ಆಯುಷ್ಯ ಸಾಮಾನ್ಯವಾಗಿ ಹದಿನೈದು ದಿನ. ಮಡಿದವನ ಮನೆಯ ದುಃಖಕ್ಕೆ ಅಂತಹ ಅವಧಿಯಿಲ್ಲ. ಹದಿಮೂರನೆಯ ದಿನ ಬಂದವರೆಲ್ಲ ಮರಳಿದ ಮೇಲೆ, ವರ್ಷಾಬ್ದಿಕದ ಹೊತ್ತಿಗೆ ಆ ಬಾಗಿಲಿಗೆ ಬರುವವರು ಎಷ್ಟು ಮಂದಿ? ಪ್ರತಿವರ್ಷ ಡಿಸೆಂಬರ್ 7ರಂದು ಸಶಸ್ತ್ರಪಡೆಗಳ ಧ್ವಜ ದಿನಾಚರಣೆ ಬರುತ್ತದೆ. 1949ರಿಂದ ನಡೆದುಬಂದ ಪದ್ಧತಿ. ಅರೆಸೇನಾ ಪಡೆಗಳ ಹುತಾತ್ಮರ ಕುಟುಂಬಗಳಿಗಾಗಿ 2017ರಲ್ಲಿ ‘ಭಾರತ್ ಕೇ ವೀರ್’ ನಿಧಿ ಆರಂಭವಾಗಿದೆ. ಉತ್ಸವದ ಕಾಣಿಕೆಯನ್ನು ತೆಗೆದಿಡುವಂತೆ ಇದಕ್ಕೂ ಪ್ರತಿ ಮನೆಯಲ್ಲಿ ಒಂದು ಭಾಗವನ್ನು ತೆಗೆದಿಡಬಹುದು. ತಮ್ಮ ತಾಲ್ಲೂಕಿನಲ್ಲಿ ಯೋಧನನ್ನು ಕಳೆದುಕೊಂಡ ಮನೆಯಿದ್ದರೆ ಆ ಮಕ್ಕಳ ಓದು ಹೇಗೆ ಸಾಗಿದೆ, ಆ ವೃದ್ಧರ ಔಷಧೋಪಚಾರ ಹೇಗೆ ನಡೆದಿದೆ ಎಂದು ವರ್ಷಕ್ಕೊಮ್ಮೆಯಾದರೂ ವಿಚಾರಿಸಬಹುದು. ಹಾಗೆಯೇ ಪಕ್ಕದ ಬೀದಿಯಲ್ಲಿ ದೂರದ ಗುಡ್ಡನಾಡಿನ ಹುಡುಗನೊಬ್ಬ ಕೋಣೆ ಹಿಡಿದು ಓದುತ್ತಿದ್ದರೆ, ಕೆಟ್ಟ ವಾರ್ತೆ ಬಂದ ರಾತ್ರಿ ಅವನ ಬಾಗಿಲನ್ನು ತಟ್ಟಿ, ಊಟವಾಯಿತೆ ಎಂದು ಕೇಳಬಹುದು. ಯೋಧನು ಕಾದದ್ದು ಇವರಿಬ್ಬರನ್ನೂ ಎಂಬುದನ್ನು ನೆನೆದು ನಡೆದರೆ ನಮ್ಮ ಕೋಪ ಒಲೆಯೊಳಗಿನ ಬೆಂಕಿಯಾಗಿಯೇ ಉಳಿಯುತ್ತದೆ.